ಸಹಿ ಇದೆ, ನೀರಿನ ಲೋಟ ಎಲ್ಲಿದೆ?

ಸರ್ಕಾರದ ದುಡ್ಡಿನಲ್ಲಿ ರಸ್ತೆ ಹಾಕಿದರೆ ಅದು ಹೇಗಾಗಿದೆ ಅಂತ ಊರಿಗೆಲ್ಲ ಗೊತ್ತಾಗುತ್ತದೆ. ಮೊದಲ ಮಳೆಗೇ ಕಿತ್ತು ಹೋದರೆ ಪೇಪರಿನಲ್ಲಿ ಫೋಟೋ ಬರುತ್ತದೆ. ಅದೇ ದುಡ್ಡಿನಲ್ಲಿ ಹಾಸಿಗೆ ಹಿಡಿದ ಅಜ್ಜಿಯೊಬ್ಬರಿಗೆ ಅವರ ಮನೆಯಲ್ಲೇ ಸ್ನಾನ ಮಾಡಿಸಿದರೆ? ಬಾಗಿಲು ಮುಚ್ಚಿರುತ್ತದೆ. ಒಳಗೆ ಇಬ್ಬರೇ ಇರುತ್ತಾರೆ. ನೀರು ಬಿಸಿ ಇತ್ತಾ, ಬೆನ್ನು ಸರಿಯಾಗಿ ಒರೆಸಿದರಾ, ಅವಸರ ಮಾಡಿದರಾ, ಗದರಿದರಾ, ಯಾರಿಗೂ ಕಾಣುವುದಿಲ್ಲ. ಅರ್ಧ ಗಂಟೆ ಕಳೆದ ಮೇಲೆ ಉಳಿಯುವುದು ಒಂದು ಸಹಿ ಮಾತ್ರ.

ಆ ಸಹಿಯ ಹಿಂದೆ ಏನು ನಡೆದಿದೆ ಎಂದು ನೋಡುವುದು ಬಹಳ ವರ್ಷ ನನ್ನ ಕೆಲಸವಾಗಿತ್ತು. ನಾನು ಅಥಣಿ ಕಡೆಯವಳು. ಮೀರಜಿನಲ್ಲಿ ನರ್ಸಿಂಗ್ ಕಲಿತೆ, ಪುಣೆಯಲ್ಲಿ ಆಸ್ಪತ್ರೆ ಕೆಲಸ ಮಾಡಿದೆ, ಮದುವೆಯಾದ ಮೇಲೆ ಇಂಗ್ಲೆಂಡಿಗೆ ಹೋದೆ. ಅಲ್ಲಿ ಮೊದಲು ಮನೆಮನೆಗೆ ಹೋಗಿ ವಯಸ್ಸಾದವರನ್ನು ಏಳಿಸುವ, ತೊಳೆಸುವ, ಊಟ ಮಾಡಿಸುವ ಕೆಲಸ. ಆಮೇಲೆ ಒಂದು ಕೌನ್ಸಿಲ್‌ನಲ್ಲಿ, ಅಂದರೆ ನಮ್ಮ ಪಾಲಿಕೆಯಂಥ ಸ್ಥಳೀಯ ಸಂಸ್ಥೆಯಲ್ಲಿ, ಮನೆ ಆರೈಕೆಯ ಗುಣಮಟ್ಟ ನೋಡುವ ತಂಡಕ್ಕೆ ಸೇರಿದೆ. ಈಗ ವಾಪಸ್ ಬಂದು ಪುಣೆಯ ಕರ್ವೆ ನಗರದಲ್ಲಿದ್ದೇವೆ. ಎರಂಡವಣೆಯಲ್ಲಿ ಕನ್ನಡದ ಕಾರ್ಯಕ್ರಮ ಏನಾದರೂ ಇದ್ದು ನನ್ನ ವಯಸ್ಸಿನವರು ನಾಲ್ಕು ಜನ ಸೇರಿದರೆ ಮಾತು ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ. ಅತ್ತೆಗೆ ಮಾವಶಿ, ಅಂದರೆ ಮನೆಗೆ ಬಂದು ನೋಡಿಕೊಳ್ಳುವ ಹೆಂಗಸು, ಸಿಕ್ಕಳಾ, ಮಾವನಿಗೆ ನೈಟ್ ಡ್ಯೂಟಿಗೆ ಯಾರು ಬರುತ್ತಾರೆ, ಅವರನ್ನು ಕಳಿಸುವ ಬ್ಯೂರೋದವರು ತಿಂಗಳಿಗೆ ಎಷ್ಟು ಹೇಳಿದರು. ಆ ಮಾತುಗಳನ್ನು ಕೇಳಿ ಕೇಳಿ ಇದನ್ನು ಬರೆಯಬೇಕು ಅನ್ನಿಸಿತು.

ಮೊದಲು ಅಲ್ಲಿನ ವ್ಯವಸ್ಥೆ ಹೇಳಿಬಿಡುತ್ತೇನೆ. ಇಂಗ್ಲೆಂಡಿನಲ್ಲಿ ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆಗೆ ದುಡ್ಡು ಕೊಡಬೇಕಿಲ್ಲ. ಆದರೆ ಮನೆಗೆ ಬಂದು ಸ್ನಾನ ಮಾಡಿಸುವುದು, ಬಟ್ಟೆ ಹಾಕುವುದು, ತಿನ್ನಿಸುವುದು ಆಸ್ಪತ್ರೆಯ ಲೆಕ್ಕಕ್ಕೆ ಬರುವುದಿಲ್ಲ. ಅದು ಕೌನ್ಸಿಲ್‌ನ ಜವಾಬ್ದಾರಿ. ಕೈಯಲ್ಲಿ 23,250 ಪೌಂಡ್‌ಗಿಂತ ಜಾಸ್ತಿ ಉಳಿತಾಯ ಇದ್ದವರು ಸಾಮಾನ್ಯವಾಗಿ ತಾವೇ ಖರ್ಚು ಹೊರಬೇಕು. ಕಡಿಮೆ ಇದ್ದವರಿಗೆ ಕೌನ್ಸಿಲ್ ಪೂರ್ತಿಯೋ ಭಾಗಶಃವೋ ಕೊಡುತ್ತದೆ. ಹತ್ತು ವರ್ಷದ ಮೇಲಾಯಿತು, ಈ ಮಿತಿಯನ್ನು ಏರಿಸಿಯೇ ಇಲ್ಲ. ಕೌನ್ಸಿಲ್‌ನವರು ಮನೆಗೆ ಬಂದು ಅಳೆದು ತೂಗಿ ಒಂದು ಯೋಜನೆ ಬರೆಯುತ್ತಾರೆ. ಬೆಳಿಗ್ಗೆ ಮುಕ್ಕಾಲು ಗಂಟೆ, ಮಧ್ಯಾಹ್ನ ಅರ್ಧ ಗಂಟೆ, ರಾತ್ರಿ ಮಲಗಿಸಲು ಅರ್ಧ ಗಂಟೆ, ಹೀಗೆ. ಕೆಲಸ ಮಾಡುವುದು ಬಹುಪಾಲು ಖಾಸಗಿ ಏಜೆನ್ಸಿಗಳು. ದುಡ್ಡು ಜನರದ್ದು, ಕೈ ಏಜೆನ್ಸಿಯದ್ದು.

ನೋಡಿಕೊಳ್ಳಲು ಇಬ್ಬರು ಇದ್ದಾರೆ. ಒಂದು ಕೇರ್ ಕ್ವಾಲಿಟಿ ಕಮಿಷನ್, ಎಲ್ಲರೂ ಸಿಕ್ಯುಸಿ ಅನ್ನುತ್ತಾರೆ. 2009ರಲ್ಲಿ ಶುರುವಾದದ್ದು. ಇದರ ಹತ್ತಿರ ನೋಂದಣಿ ಆಗದೆ ಯಾವ ಏಜೆನ್ಸಿಯೂ ಇನ್ನೊಬ್ಬರ ಮೈ ಮುಟ್ಟುವ ಆರೈಕೆ ಕೊಡುವ ಹಾಗಿಲ್ಲ. ಸಿಕ್ಯುಸಿ ಐದು ಪ್ರಶ್ನೆ ಕೇಳುತ್ತದೆ. ಸುರಕ್ಷಿತವಾ, ಪರಿಣಾಮ ಇದೆಯಾ, ಕಾಳಜಿ ಇದೆಯಾ, ಅವರವರ ಅಗತ್ಯಕ್ಕೆ ಸ್ಪಂದಿಸುತ್ತದಾ, ಮುಂದಾಳತ್ವ ಸರಿ ಇದೆಯಾ. ಕೊನೆಗೆ ಅತ್ಯುತ್ತಮದಿಂದ ಹಿಡಿದು ಕಳಪೆವರೆಗೆ ನಾಲ್ಕರಲ್ಲಿ ಒಂದು ದರ್ಜೆ. ಎರಡನೆಯದು ದುಡ್ಡು ಕೊಡುವ ಕೌನ್ಸಿಲ್ಲೇ. 2014ರ ಕೇರ್ ಆಕ್ಟ್ ಪ್ರಕಾರ ತನ್ನ ಊರಿನಲ್ಲಿ ಸಿಗುವ ಆರೈಕೆಯ ಗುಣಮಟ್ಟ ಹೆಚ್ಚಿಸುವುದು ಕೌನ್ಸಿಲ್‌ನ ಕರ್ತವ್ಯ. ಯಾರಿಗಾದರೂ ಹಿಂಸೆ, ನಿರ್ಲಕ್ಷ್ಯ ಆಗುತ್ತಿದೆ ಎಂಬ ಸಂಶಯ ಬಂದರೆ ವಿಚಾರಣೆ ನಡೆಸಲೇಬೇಕು, ಅದೇ ಕಾಯ್ದೆಯ 42ನೇ ಸೆಕ್ಷನ್. ನಾನಿದ್ದದ್ದು ಈ ಎರಡನೆಯ ಕಡೆ.

ಕೇಳಲು ಚೆನ್ನಾಗಿದೆ ಅಲ್ವಾ? ನಿಜವಾಗಿಯೂ ಚೆನ್ನಾಗಿದೆ, ನಮ್ಮಲ್ಲಿ ಅದರ ಕಾಲು ಭಾಗವೂ ಇಲ್ಲ. ಆದರೆ ಅದರೊಳಗೆ ಕೂತು ಕೆಲಸ ಮಾಡಿದವಳಿಗೆ ಒಂದು ವಿಷಯ ಬಹಳ ಬೇಗ ಗೊತ್ತಾಯಿತು. ಈ ತಪಾಸಣೆಯ ದೊಡ್ಡ ಪಾಲು ನಡೆಯುವುದು ಏಜೆನ್ಸಿಯ ಆಫೀಸಿನಲ್ಲಿ. ಆಸ್ಪತ್ರೆ ಆದರೆ ವಾರ್ಡಿಗೆ ನುಗ್ಗಿ ನೋಡಬಹುದು. ಮನೆ ಇನ್ನೊಬ್ಬರ ಮನೆ. ಅವರು ಒಪ್ಪದೆ ಒಳಗೆ ಕಾಲಿಡುವ ಹಾಗಿಲ್ಲ, ಇಡಲೂಬಾರದು. ಹಾಗಾಗಿ ಇನ್‌ಸ್ಪೆಕ್ಟರುಗಳು ಎಷ್ಟೋ ಸಲ ಮೊದಲೇ ತಿಳಿಸಿ ಆಫೀಸಿಗೆ ಬರುತ್ತಾರೆ, ಮ್ಯಾನೇಜರ್ ಇರಬೇಕಲ್ಲ. ಫೈಲು ನೋಡುತ್ತಾರೆ. ತರಬೇತಿ ಪಟ್ಟಿ, ಪೊಲೀಸ್ ಪರಿಶೀಲನೆ, ಔಷಧಿ ಚಾರ್ಟು, ದೂರಿನ ಪುಸ್ತಕ. ಕೆಲವರಿಗೆ ಫೋನ್ ಮಾಡುತ್ತಾರೆ, ಒಪ್ಪಿದ ಕೆಲವರ ಮನೆಗೆ ಹೋಗುತ್ತಾರೆ. ಫೈಲು ಚೆನ್ನಾಗಿಟ್ಟವರಿಗೆ ದರ್ಜೆಯೂ ಚೆನ್ನಾಗಿ ಬರುವ ಅಪಾಯ ಇದ್ದೇ ಇದೆ. ಆ ದರ್ಜೆಯೂ ಎಷ್ಟು ಹಳೆಯದೋ. 2024ರಲ್ಲಿ ಡಾ. ಪೆನ್ನಿ ಡ್ಯಾಶ್ ಸರ್ಕಾರಕ್ಕಾಗಿ ಸಿಕ್ಯುಸಿಯನ್ನೇ ಪರಿಶೀಲಿಸಿ ಕೊಟ್ಟ ವರದಿ ಅಲ್ಲಿ ದೊಡ್ಡ ಲೋಪಗಳಿವೆ ಎಂದಿತು. ತಪಾಸಣೆಗಳು ಸಾಕಷ್ಟು ನಡೆಯುತ್ತಿಲ್ಲ, ಕೆಲವು ಕಡೆ ದರ್ಜೆ ವರ್ಷಗಟ್ಟಲೆ ಹಿಂದಿನದು.

ಅದಕ್ಕೇ ನಾನು ಮನೆಗೆ ಹೋಗುತ್ತಿದ್ದೆ. ಏಜೆನ್ಸಿಗೆ ಹೇಳದೆ, ಆದರೆ ಆ ಮನೆಯವರಿಗೆ ಫೋನ್ ಮಾಡಿ ಕೇಳಿಕೊಂಡು.

ಒಂದು ಮನೆ ಹೇಳುತ್ತೇನೆ. ಸಣ್ಣ ಬಂಗಲೆ, ಒಳಗೆ ಒಬ್ಬರೇ ಇರುವ ಮುದುಕಿ. ಗಂಡ ತೀರಿಕೊಂಡಿದ್ದಾರೆ, ಮಗ ದೂರದ ಊರಲ್ಲಿ. ಪಾರ್ಶ್ವವಾಯು ಆಗಿ ಎಡಗೈ ಎಡಗಾಲು ಬಿದ್ದಿವೆ. ಏಜೆನ್ಸಿಯ ದರ್ಜೆ ಚೆನ್ನಾಗಿತ್ತು. ಮೇಜಿನ ಮೇಲೆ ಫೋಲ್ಡರ್ ಇತ್ತು. ಪ್ರತಿ ಮನೆಯಲ್ಲೂ ಇಡಬೇಕಿತ್ತು, ಬಂದವರು ಬಂದ ಹೊತ್ತು, ಮಾಡಿದ ಕೆಲಸ ಬರೆದು ಸಹಿ ಹಾಕಬೇಕಿತ್ತು. ಪುಟ ತಿರುವಿದೆ. "ಸ್ನಾನ ಆಯಿತು, ತಿಂಡಿ ಕೊಟ್ಟೆ, ಎಲ್ಲ ಸರಿ ಇದೆ." ಮರುದಿನ ಅದೇ ವಾಕ್ಯ. ಅದರ ಮರುದಿನವೂ ಅದೇ. ಒಂದು ಸಾಲೂ ತಪ್ಪಿಲ್ಲ. ಕಾಗದದ ಮೇಲೆ ಯಾವ ದೋಷವೂ ಇಲ್ಲ.

ಆಮೇಲೆ ಫೋಲ್ಡರ್ ಮುಚ್ಚಿಟ್ಟು ಕೋಣೆ ನೋಡಿದೆ. ನೀರಿನ ಲೋಟ ಕುರ್ಚಿಯ ಎಡಗಡೆ ಸ್ಟೂಲಿನ ಮೇಲಿತ್ತು. ಅವರ ಎಡಗೈ ಏಳುವುದೇ ಇಲ್ಲ. ಬೆಳಿಗ್ಗೆ ಮಾಡಿಕೊಟ್ಟ ಚಹಾ ಮೇಲೆ ಕೆನೆಗಟ್ಟಿ ಹಾಗೇ ಕೂತಿತ್ತು. ಬಿದ್ದರೆ ಒತ್ತಲೆಂದು ಕುತ್ತಿಗೆಗೆ ಹಾಕಿಕೊಳ್ಳುವ ಅಲಾರ್ಮ್ ಗುಂಡಿ ಅಡುಗೆಮನೆ ಬಾಗಿಲ ಹಿಂದಿನ ಮೊಳೆಗೆ ತೂಗುತ್ತಿತ್ತು. ಸ್ನಾನಕ್ಕೆ ತೆಗೆದವರು ವಾಪಸ್ ಹಾಕಿಲ್ಲ. ವಾಕರ್ ಗೋಡೆಯ ಆ ಕಡೆ. ಫ್ರಿಜ್ ತೆರೆದೆ, ಮೂರು ಡಬ್ಬಿ ಊಟ ಹಾಗೇ ಇವೆ, ಒಂದರ ದಿನಾಂಕ ಮುಗಿದಿದೆ. ಇವರು ಮಧ್ಯಾಹ್ನ ಏನು ತಿನ್ನುತ್ತಿದ್ದರು ಹಾಗಾದರೆ? ಕಾಲುಚೀಲ ಬಿಚ್ಚಬಹುದಾ ಅಂತ ಕೇಳಿದೆ. ಒಪ್ಪಿದರು. ಎಡ ಹಿಮ್ಮಡಿ ಕೆಂಪಾಗಿತ್ತು. ಬೆರಳಿಂದ ಒತ್ತಿದರೆ ಬಿಳಿಚಿಕೊಳ್ಳಬೇಕು, ಬಿಳಿಚಿಕೊಳ್ಳಲಿಲ್ಲ. ಅದು ಬೆಡ್‌ಸೋರ್‌ನ, ಅಂದರೆ ಒಂದೇ ಕಡೆ ಭಾರ ಬಿದ್ದು ಆಗುವ ಹುಣ್ಣಿನ, ಶುರು. ಫೋಲ್ಡರಿನಲ್ಲಿ ಆ ಹಿಮ್ಮಡಿಯ ಸುದ್ದಿಯೇ ಇಲ್ಲ.

ಇದನ್ನು ಓದುವ ಯಾರ ಮನೆಯಲ್ಲಾದರೂ ಹಾಸಿಗೆ ಹಿಡಿದವರಿದ್ದರೆ ಒಂದು ಮಾತು. ನಮ್ಮ ಮೈಬಣ್ಣಕ್ಕೆ ಆ ಕೆಂಪು ಕಾಣುವುದಿಲ್ಲ. ಸುತ್ತಲಿನ ಚರ್ಮಕ್ಕಿಂತ ಕಪ್ಪಾಗಿದೆಯಾ, ಮುಟ್ಟಿದರೆ ಬಿಸಿ ಅಥವಾ ಗಟ್ಟಿ ಅನ್ನಿಸುತ್ತದಾ, ಅದನ್ನು ನೋಡಿ. ಹಿಮ್ಮಡಿ, ಸೊಂಟದ ಕೆಳಗಿನ ಎಲುಬು, ಮಗ್ಗುಲು, ದಿನಾ ನೋಡಿ. ಇಂಗ್ಲೆಂಡಿನ ಮಾರ್ಗಸೂಚಿ ಅಪಾಯ ಇರುವವರನ್ನು ಕನಿಷ್ಠ 6 ಗಂಟೆಗೊಮ್ಮೆ, ಹೆಚ್ಚು ಅಪಾಯ ಇದ್ದರೆ 4 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅನ್ನುತ್ತದೆ. ನಮ್ಮ ನರ್ಸಿಂಗ್ ಕಾಲೇಜುಗಳಲ್ಲಿ ಕಲಿಸುವುದು 2 ಗಂಟೆ. ಏರ್ ಬೆಡ್ ತಂದು ಹಾಕಿದರೆ ಮಗ್ಗುಲು ಬದಲಿಸುವುದು ಬೇಡ ಅಂತ ಪುಣೆಯಲ್ಲಿ ಬಹಳ ಜನ ನಂಬಿದ್ದಾರೆ. ದಯವಿಟ್ಟು ನಂಬಬೇಡಿ.

ಆ ಮನೆಗೆ ಬಂದ ಹುಡುಗಿಯರು ಕೆಟ್ಟವರಾಗಿದ್ದರಾ? ನಾನು ಹಾಗೆ ಹೇಳುವುದಿಲ್ಲ. ಅವರ ದಿನದ ಪಟ್ಟಿ ತರಿಸಿ ನೋಡಿದೆ. ಎಂಟೂವರೆಗೆ ಒಂದು ಮನೆ ಮುಗಿಯುತ್ತದೆ. ಎಂಟೂವರೆಗೇ ಇನ್ನೊಂದು ಮನೆ ಶುರು. ನಡುವೆ ಎರಡು ಮೈಲಿ ದಾರಿ ಇದೆ, ಆ ದಾರಿಗೆ ಪಟ್ಟಿಯಲ್ಲಿ ಒಂದು ನಿಮಿಷವೂ ಇಲ್ಲ. ಹಾಗಾದರೆ ಆ ನಿಮಿಷ ಎಲ್ಲಿಂದ ಬರಬೇಕು? ಮುದುಕಿಯ ಮುಕ್ಕಾಲು ಗಂಟೆಯಿಂದಲೇ ಬರಬೇಕು. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ಹೊತ್ತನ್ನೂ ಕನಿಷ್ಠ ಕೂಲಿಯ ಲೆಕ್ಕಕ್ಕೆ ಸೇರಿಸಬೇಕು ಅಂತ ಅಲ್ಲಿ ಕಾನೂನಿದೆ. ಆದರೂ ಪಟ್ಟಿ ಹೀಗೇ ತಯಾರಾಗುತ್ತದೆ. ಯಾಕೆಂದರೆ ಕೌನ್ಸಿಲ್ ಗಂಟೆಗೆ ಕೊಡುವ ದರವೇ ಅಷ್ಟು. ಇದನ್ನು ನಾನು ನಮ್ಮ ತಂಡದ ಮೀಟಿಂಗಿನಲ್ಲಿ ಜೋರಾಗಿಯೇ ಹೇಳುತ್ತಿದ್ದೆ. ದರ ಇಳಿಸುವುದೂ ನಾವೇ, ಆಮೇಲೆ ಹೋಗಿ ಗುಣಮಟ್ಟ ಯಾಕಿಲ್ಲ ಅಂತ ಕೇಳುವುದೂ ನಾವೇ ಆದರೆ ಹೇಗೆ?

ಹದಿನೈದು ನಿಮಿಷದ ಭೇಟಿ ಅಂತ ಒಂದು ಪದ್ಧತಿ ಇತ್ತು, ಇನ್ನೂ ಕೆಲವು ಕಡೆ ಇದೆ. ಹದಿನೈದು ನಿಮಿಷದಲ್ಲಿ ಬೀಗ ತೆಗೆದು, ಕೋಟು ಬಿಚ್ಚಿ, ಕೈ ತೊಳೆದು, ಊಟ ಬಿಸಿ ಮಾಡಿ, ಶೌಚಕ್ಕೆ ಕರೆದೊಯ್ದು, ಬರೆದು, ಸಹಿ ಹಾಕಿ ಹೊರಡಬೇಕು. ಊಟ ಅಥವಾ ಶೌಚ, ಎರಡರಲ್ಲಿ ಒಂದು ಆರಿಸಿಕೊಳ್ಳಿ ಎನ್ನುವ ಪರಿಸ್ಥಿತಿ. 2015ರಲ್ಲಿ ನೈಸ್ ಎಂಬ ಸಂಸ್ಥೆ ಮನೆ ಆರೈಕೆಗೆ ಮಾರ್ಗಸೂಚಿ ಹೊರಡಿಸಿತು. ಚಿಕಿತ್ಸೆ, ಆರೈಕೆಗಳ ಬಗ್ಗೆ ಅಲ್ಲಿ ಮಾರ್ಗಸೂಚಿ ಬರೆಯುವುದು ಅವರೇ. ಅರ್ಧ ಗಂಟೆಗಿಂತ ಕಡಿಮೆ ಭೇಟಿ ಇಡಬೇಕಾದರೆ ಬರುವವರು ಪರಿಚಿತರಾಗಿರಬೇಕು, ಕೆಲಸ ಔಷಧಿ ಕೊಡುವಂಥ ನಿರ್ದಿಷ್ಟವಾದ ಚಿಕ್ಕ ಕೆಲಸವಾಗಿರಬೇಕು, ಇಡೀ ಆರೈಕೆಯ ಒಂದು ಭಾಗವಾಗಿ ಮಾತ್ರ ಇರಬೇಕು ಎಂದಿತು. ಗುಣಮಟ್ಟದ ಬಗ್ಗೆ ಪುಟಗಟ್ಟಲೆ ಬರೆದದ್ದನ್ನು ಓದಿದ್ದೇನೆ. ನನ್ನ ಮಟ್ಟಿಗೆ ಇದರಷ್ಟು ಉಪಯೋಗವಾದ ಮಾತು ಇನ್ನೊಂದಿಲ್ಲ. ಹೊತ್ತು ಕೊಡದೆ ಗುಣ ಕೇಳಬಾರದು.

ಫೋಲ್ಡರಿನಲ್ಲಿ ನಾನು ಓದುತ್ತಿದ್ದದ್ದು ವಾಕ್ಯಗಳಿಗಿಂತ ಹೆಚ್ಚಾಗಿ ಸಹಿಗಳನ್ನು. ಎರಡು ವಾರದಲ್ಲಿ ಎಷ್ಟು ಬೇರೆ ಬೇರೆ ಸಹಿ ಇವೆ ಅಂತ ಎಣಿಸುತ್ತಿದ್ದೆ. ಮೂರು ನಾಲ್ಕು ಇದ್ದರೆ ಮನಸ್ಸಿಗೆ ನೆಮ್ಮದಿ. ಹದಿಮೂರು ಹದಿನಾಲ್ಕು ಇದ್ದರೆ ಬೇರೇನೂ ನೋಡಬೇಕಿಲ್ಲ. ಎಂಬತ್ತು ದಾಟಿದ ಹೆಂಗಸು ದಿನಾ ಒಬ್ಬ ಹೊಸ ವ್ಯಕ್ತಿಯ ಮುಂದೆ ಬಟ್ಟೆ ಬಿಚ್ಚಬೇಕು ಅಂದರೆ ಏನರ್ಥ, ಸ್ವಲ್ಪ ಯೋಚನೆ ಮಾಡಿ.

ಇನ್ನು ಪ್ರಶ್ನೆ ಕೇಳುವ ರೀತಿ. "ಆರೈಕೆ ಚೆನ್ನಾಗಿದೆಯಾ?" ಅಂತ ಕೇಳಿದರೆ ಹೆಚ್ಚಿನವರು ಹೂಂ ಅನ್ನುತ್ತಾರೆ. ಇಂಗ್ಲೆಂಡಿನಲ್ಲೂ ಅಷ್ಟೇ, ಪುಣೆಯಲ್ಲೂ ಅಷ್ಟೇ. ಹೆದರಿಕೆ. ಇವಳೂ ಬಿಟ್ಟು ಹೋದರೆ ಏನು ಗತಿ ಎಂಬ ಹೆದರಿಕೆ. ಬರುವ ಹುಡುಗಿಯ ಮೇಲೆ ಪ್ರೀತಿಯೂ ಇರುತ್ತದೆ, ಅವಳ ಹೊಟ್ಟೆಪಾಡಿಗೆ ಕುತ್ತು ಬರಬಾರದು ಎಂಬ ಕಾಳಜಿ. ಅದಕ್ಕೆ ನಾನು ಅಭಿಪ್ರಾಯ ಕೇಳುವುದನ್ನು ಬಿಟ್ಟು ನಿನ್ನೆಯ ದಿನವನ್ನು ಕೇಳುತ್ತಿದ್ದೆ. ನಿನ್ನೆ ಬೆಳಿಗ್ಗೆ ಯಾರು ಬಂದರು? ಆಗ ನೀವು ಎದ್ದಿದ್ದಿರಾ? ಮಧ್ಯಾಹ್ನ ಏನು ತಿಂದಿರಿ? ಎಷ್ಟು ಹೊತ್ತಿಗೆ ಮಲಗಿದಿರಿ?

ಒಬ್ಬ ಹಿರಿಯರು, ಫ್ಯಾಕ್ಟರಿಯಲ್ಲಿ ಫೋರ್‌ಮನ್ ಆಗಿದ್ದವರು, ಬಂದವರೆಲ್ಲ ತುಂಬ ಒಳ್ಳೆಯ ಹುಡುಗಿಯರು ಅಂತ ಹೊಗಳುತ್ತಲೇ ಇದ್ದರು. ಎಷ್ಟು ಹೊತ್ತಿಗೆ ಮಲಗಿದಿರಿ ಅಂದೆ. ಆರೂವರೆ ಅಂದರು. ಜೂನ್ ತಿಂಗಳು, ಅಲ್ಲಿ ರಾತ್ರಿ ಒಂಬತ್ತರ ಮೇಲೂ ಬಿಸಿಲು. ಆಟ ನೋಡುವ ಹುಚ್ಚು ಇರುವ ಮನುಷ್ಯ ಆರೂವರೆಗೆ ಮಲಗಿ ಮರುದಿನ ಎಂಟರವರೆಗೆ ಹಾಸಿಗೆಯಲ್ಲೇ ಇರುತ್ತಿದ್ದರು. ಏಜೆನ್ಸಿಯ ಪಟ್ಟಿಯಲ್ಲಿ ಆ ರಸ್ತೆಯ ಮನೆಗಳ ಸರದಿ ಆಗ ಬರುತ್ತಿತ್ತು, ಅಷ್ಟೇ ಕಾರಣ. ಅವರು ಅದನ್ನು ದೂರು ಅಂತ ಹೇಳಲೇ ಇಲ್ಲ. ಹೀಗೇ ಇರುತ್ತದೆ ಅಂದುಕೊಂಡಿದ್ದರು. ಸರದಿ ಬದಲಿಸಲು ನನಗೆ ಬಹಳ ಪತ್ರ ಬರೆಯಬೇಕಾಯಿತು, ಕೊನೆಗೆ ಒಂಬತ್ತೂವರೆಗೆ ಆಯಿತು. ನನ್ನ ಕೆಲಸದಲ್ಲಿ ಇಷ್ಟು ಸಂತೋಷ ಕೊಟ್ಟದ್ದು ಕಡಿಮೆ.

ಈಗ ಎಲ್ಲದಕ್ಕೂ ಮೊಬೈಲ್ ಬಂದಿದೆ. ಅಮೆರಿಕದಲ್ಲಿ 2016ರ ಒಂದು ಕಾಯ್ದೆ ಸರ್ಕಾರಿ ದುಡ್ಡಿನ ಮನೆ ಆರೈಕೆಗೆ ಎಲೆಕ್ಟ್ರಾನಿಕ್ ದಾಖಲೆ ಕಡ್ಡಾಯ ಮಾಡಿತು. ಯಾವ ಸೇವೆ, ಯಾರಿಗೆ, ಯಾರು ಕೊಟ್ಟರು, ಯಾವ ದಿನ, ಎಲ್ಲಿ, ಶುರುವಾದದ್ದು ಮುಗಿದದ್ದು ಎಷ್ಟಕ್ಕೆ, ಈ ಆರು ವಿಷಯ ಬರಬೇಕು. ಇಂಗ್ಲೆಂಡಿನಲ್ಲೂ ಬಹಳ ಏಜೆನ್ಸಿಗಳು ಇಂಥದ್ದೇ ಬಳಸುತ್ತವೆ. ಇದರಿಂದ ಪ್ರಯೋಜನ ಇದೆ, ಇಲ್ಲ ಅನ್ನುವುದಿಲ್ಲ. ಬಾರದೆ ಬಿಟ್ಟ ಭೇಟಿ ತಕ್ಷಣ ಗೊತ್ತಾಗುತ್ತದೆ, ಹೋಗದ ಮನೆಗೆ ಬಿಲ್ ಮಾಡುವುದು ತಪ್ಪುತ್ತದೆ. ಅದರಾಚೆಗೆ ಯಂತ್ರಕ್ಕೆ ಕಾಣುವುದು ಕಡಿಮೆ. ಲೋಟ ಎಡಗಡೆ ಇದೆಯೋ ಬಲಗಡೆ ಇದೆಯೋ ಅದಕ್ಕೆ ಗೊತ್ತಿಲ್ಲ.

ವೀಸಾದ ವಿಷಯವನ್ನೂ ಹೇಳಲೇಬೇಕು, ಯಾಕೆಂದರೆ ನಮ್ಮ ಕಡೆಯ ಮಕ್ಕಳೂ ಹೋಗಿದ್ದಾರೆ. 2022ರ ಫೆಬ್ರವರಿಯಲ್ಲಿ ಬ್ರಿಟನ್ ಕೇರ್ ವರ್ಕರ್‌ಗಳಿಗೆ ವೀಸಾ ಕೊಡಲು ಶುರು ಮಾಡಿತು. 2025ರ ಜುಲೈನಲ್ಲಿ ಹೊರದೇಶದಿಂದ ಹೊಸಬರನ್ನು ಕರೆಸುವುದನ್ನು ನಿಲ್ಲಿಸಿತು. ನಡುವೆ ಬಹಳ ಜನ ಏಜೆಂಟರಿಗೆ ಲಕ್ಷಗಟ್ಟಲೆ ಸಾಲ ಮಾಡಿ ಕೊಟ್ಟು ಹೋದರು. ಸಾಲ ತಲೆಮೇಲಿದೆ, ವೀಸಾ ಮಾಲೀಕನ ಕೈಯಲ್ಲಿದೆ. ಅಂಥವರು "ಈ ಪಟ್ಟಿಯಲ್ಲಿ ದಾರಿಗೆ ಹೊತ್ತಿಲ್ಲ, ಅಜ್ಜಿಗೆ ಅನ್ಯಾಯ ಆಗುತ್ತಿದೆ" ಅಂತ ಬಾಯಿ ಬಿಡುತ್ತಾರಾ? ಆರೈಕೆ ಮಾಡುವವರಿಗೆ ಧೈರ್ಯವಾಗಿ ಮಾತಾಡುವ ದಾರಿ ಇದೆಯಾ ಎನ್ನುವುದನ್ನೂ ಗುಣಮಟ್ಟದ ಲೆಕ್ಕಕ್ಕೆ ಸೇರಿಸಬೇಕು.

ಇನ್ನು ಪುಣೆಯ ಮಾತು.

ನಮ್ಮ ಬಿಲ್ಡಿಂಗಿನ ಎರಡನೇ ಮಹಡಿಯಲ್ಲಿ ಚಿಕ್ಕೋಡಿ ಕಡೆಯ ಒಬ್ಬ ಅಜ್ಜಿ ಇದ್ದಾರೆ. ಮಗನ ಜೊತೆ ಪುಣೆಗೆ ಬಂದು ನಲವತ್ತು ವರ್ಷದ ಮೇಲಾಯಿತು. ಮರಾಠಿ ಚೆನ್ನಾಗಿ ಮಾತಾಡುತ್ತಿದ್ದವರು, ಮರೆವಿನ ಕಾಯಿಲೆ ಬಂದ ಮೇಲೆ ಮರಾಠಿ ಪೂರ್ತಿ ಹೋಯಿತು. ಈಗ ಬಾಯಿಗೆ ಬರುವುದು ಹುಟ್ಟೂರಿನ ಕನ್ನಡ ಮಾತ್ರ. ಬ್ಯೂರೋದಿಂದ ಬರುವ ಮಾವಶಿಗೆ ಕನ್ನಡ ಬಾರದು. ಆಕೆ ಒಳ್ಳೆಯ ಹೆಂಗಸು, ಕಾತ್ರಜ್ ಆಚೆಯಿಂದ ಎರಡು ಬಸ್ ಬದಲಿಸಿ ಬರುತ್ತಾಳೆ, ಹನ್ನೆರಡು ಗಂಟೆ ಡ್ಯೂಟಿ. ಅಜ್ಜಿ ಮಧ್ಯಾಹ್ನವೆಲ್ಲ ಕೂಗುತ್ತಾರೆ, ಕಿತ್ತಾಡುತ್ತಾರೆ ಅಂತ ಮನೆಯವರು ಡಾಕ್ಟರ ಹತ್ತಿರ ನಿದ್ದೆ ಮಾತ್ರೆ ಕೇಳಲು ಹೊರಟಿದ್ದರು. ನಾನು ಒಂದು ಮಧ್ಯಾಹ್ನ ಹೋಗಿ ಹತ್ತಿರ ಕೂತೆ. "ಯಾಕ್ರೀ ಆಯಿ, ಏನ್ ಬೇಕಾಗೇತ್ರಿ?" ಅಂದೆ. ಕೈ ಹಿಡಿದುಕೊಂಡು "ಯವ್ವಾ, ಒಂದಕ್ಕ ಹೋಗಬೇಕಾಗೇತಿ, ಆವಾಗಿನಿಂದ ಹೇಳಾಕತ್ತೀನಿ, ಯಾರೂ ಕೇಳವಲ್ಲರು" ಅಂದರು. ಮಾತ್ರೆ ಬೇಕಿರಲಿಲ್ಲ. ನಾಲ್ಕು ಕನ್ನಡ ಮಾತು ಬೇಕಿತ್ತು. ಒಂದಕ್ಕೆ, ನೀರು, ನೋವು, ಹಸಿವು, ಇಂಥ ಮಾತುಗಳನ್ನು ಮಾವಶಿಗೆ ದೇವನಾಗರಿಯಲ್ಲಿ ಬರೆದುಕೊಟ್ಟೆ, ಅವಳು ಒಂದೇ ವಾರದಲ್ಲಿ ಕಲಿತಳು. ಇಂಗ್ಲೆಂಡಿನಲ್ಲಿ ಗುಜರಾತಿ, ಪಂಜಾಬಿ ಅಜ್ಜ ಅಜ್ಜಿಯರ ಮನೆಗಳಲ್ಲೂ ಇದನ್ನೇ ಕಂಡಿದ್ದೆ. ಅಲ್ಲಿ ಆರೈಕೆ ಯೋಜನೆಯಲ್ಲಿ ಯಾವ ಭಾಷೆ ಅಂತ ಬರೆಯಲು ಜಾಗ ಇರುತ್ತದೆ. ಇಲ್ಲಿ ಯೋಜನೆಯೇ ಇರುವುದಿಲ್ಲ.

ಈ ಬ್ಯೂರೋಗಳನ್ನು ನೋಡುವವರು ಯಾರು? ನರ್ಸ್ ಆದರೆ ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಇರಬೇಕು. ಮಾವಶಿಗೆ ಅಂಥದ್ದೇನೂ ಇಲ್ಲ. ಸ್ಕಿಲ್ ಇಂಡಿಯಾದಲ್ಲಿ ಹೋಮ್ ಹೆಲ್ತ್ ಏಡ್ ಅಂತ ಕೋರ್ಸ್ ಇದೆ, ಸರ್ಕಾರಿ ದುಡ್ಡಿನಲ್ಲೇ ಕಲಿಸುತ್ತಾರೆ. ಆದರೆ ಅದನ್ನು ಕಲಿಯದೆಯೂ ಕೆಲಸ ಸಿಗುತ್ತದೆ. ಹಿರಿಯ ನಾಗರಿಕರ 2007ರ ಕಾಯ್ದೆಗೆ 2019ರ ಡಿಸೆಂಬರಿನಲ್ಲಿ ಒಂದು ತಿದ್ದುಪಡಿ ಮಸೂದೆ ಲೋಕಸಭೆಗೆ ಬಂದಿತ್ತು. ಮನೆ ಆರೈಕೆ ಕೊಡುವ ಸಂಸ್ಥೆಗಳನ್ನು ನಿಯಮದ ಕೆಳಗೆ ತರುವ ಮಾತು ಅದರಲ್ಲಿತ್ತು. ಆ ಲೋಕಸಭೆಯ ಅವಧಿಯೇ ಮುಗಿಯಿತು, ಮಸೂದೆ ಕಾನೂನಾಗಲಿಲ್ಲ. ನನಗೆ ಇದು ಬಹಳ ಬೇಸರದ ವಿಷಯ. ಅದರ ಬಗ್ಗೆ ಪೇಪರಿನಲ್ಲಿ ಹೆಚ್ಚು ಓದಿದ ನೆನಪೂ ಇಲ್ಲ.

ಇದು ಮನೆಯವರು ಜೇಬಿನಿಂದ ಕೊಡುವ ಆರೈಕೆಯ ಕಥೆ. ಸರ್ಕಾರದ ದುಡ್ಡಿನ ಮನೆ ಆರೈಕೆ ನಮ್ಮಲ್ಲಿ ಇದೆಯಾ ಅಂತ ನೀವು ಕೇಳಬಹುದು. ಇದೆ, ಕಾಗದದ ಮೇಲೆ ಬಹಳ ಚೆನ್ನಾಗಿದೆ. 2010–11ರಲ್ಲಿ ಶುರುವಾದ ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಹಾಸಿಗೆ ಹಿಡಿದವರ ಮನೆಗೆ ಆರೋಗ್ಯ ಕಾರ್ಯಕರ್ತರು ಹೋಗಬೇಕು, ಮನೆಯವರಿಗೆ ಆರೈಕೆ ಕಲಿಸಿಕೊಡಬೇಕು ಅಂತ ಇದೆ. 2012ರ ಪ್ಯಾಲಿಯೇಟಿವ್ ಆರೈಕೆಯ, ಅಂದರೆ ದೊಡ್ಡ ಕಾಯಿಲೆಯವರ ನೋವು ಕಡಿಮೆ ಮಾಡುವ ಆರೈಕೆಯ, ಕಾರ್ಯಕ್ರಮ ಬೇರೆ ಇದೆ. ಕೇರಳ 2008ರಲ್ಲೇ ಇದಕ್ಕೆ ನೀತಿ ಮಾಡಿತು. ಅಲ್ಲಿ ಪಂಚಾಯಿತಿಗಳೇ ದುಡ್ಡಿಟ್ಟು ನರ್ಸ್‌ಗಳನ್ನು ಮನೆಗೆ ಕಳಿಸುತ್ತವೆ, ಊರಿನ ಸ್ವಯಂಸೇವಕರು ಜೊತೆಗೆ ಹೋಗುತ್ತಾರೆ. ಆ ಊರಿನವರ ಕಣ್ಣೇ ಅಲ್ಲಿ ದೊಡ್ಡ ಕಾವಲು ಅಂತ ನಾನು ಅಂದುಕೊಂಡಿದ್ದೇನೆ. ನಮ್ಮ ಕಡೆ ಹೆಚ್ಚು ಸುದ್ದಿಯಾದದ್ದು ಆಯುಷ್ಮಾನ್ ಕಾರ್ಡು. 2024ರ ಅಕ್ಟೋಬರಿನಿಂದ 70 ತುಂಬಿದ ಎಲ್ಲರಿಗೂ, ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ಖರ್ಚು. ಒಳ್ಳೆಯದೇ. ಆದರೆ ಅದು ಆಸ್ಪತ್ರೆಗೆ ಸೇರಿದವರಿಗೆ. ಡಿಸ್ಚಾರ್ಜ್ ಆದ ಮೇಲೆ 15 ದಿನದ ಖರ್ಚು ಸೇರುತ್ತದೆ, ಹದಿನಾರನೇ ದಿನದಿಂದ ಮನೆಯಲ್ಲಿ ಮಗ್ಗುಲು ಬದಲಿಸುವವರು ಯಾರು ಎಂಬುದಕ್ಕೆ ಆ ಕಾರ್ಡಿನಲ್ಲಿ ಉತ್ತರ ಇಲ್ಲ.

ನನ್ನ ಆತಂಕ ಇಷ್ಟೇ. ನಾಳೆ ಸರ್ಕಾರ ಮನೆ ಆರೈಕೆಗೆ ನಿಜವಾಗಿ ದುಡ್ಡು ಹಾಕುತ್ತದೆ, ಹಾಕಲೇಬೇಕು, ಯಾಕೆಂದರೆ ಮುದುಕರಾಗುತ್ತಿರುವವರು ನಾವೇ. ಆಗ ಮೊದಲು ಹುಟ್ಟುವುದು ರಿಜಿಸ್ಟರು, ಆ್ಯಪು, ಟಾರ್ಗೆಟ್ಟು. ಇಷ್ಟು ಮನೆಗೆ ಭೇಟಿ, ಇಷ್ಟು ಸಹಿ. ಆರೋಗ್ಯ ಸೇವಿಕೆಯರಿಗೆ ಈಗಲೇ ಪೋಲಿಯೋ, ಟಿಬಿ, ಸರ್ವೆ, ಎಲ್ಲ ಇದೆ. ಅದರ ಮೇಲೆ ಇದೊಂದು ಕಾಲಂ ಸೇರಿಸಿದರೆ ಅವರೂ "ಎಲ್ಲ ಸರಿ ಇದೆ" ಅಂತಲೇ ಬರೆಯಬೇಕಾಗುತ್ತದೆ. ಇಂಗ್ಲೆಂಡಿನವರು ವರ್ಷಗಟ್ಟಲೆ ಕಷ್ಟಪಟ್ಟು ಕಲಿತದ್ದನ್ನು ನಾವು ಮತ್ತೆ ಮೊದಲಿಂದ ಕಲಿಯುವುದು ಬೇಡ.

ನಮ್ಮ ವಾರ್ಡಿನಲ್ಲಿ ಕೆಲವರು ಸೇರಿ ಪಾಲಿಕೆಯ ಆರೋಗ್ಯ ಇಲಾಖೆಗೆ ಒಂದು ಮನವಿ ಬರೆಯುತ್ತಿದ್ದೇವೆ. ಮರಾಠಿಯವರು, ಕನ್ನಡದವರು, ಇಬ್ಬರು ನಿವೃತ್ತ ನರ್ಸ್‌ಗಳು ಇದ್ದಾರೆ. ನಾನು ಒತ್ತಾಯ ಮಾಡಿ ಸೇರಿಸಿದ್ದು ಭೇಟಿಯ ಪುಸ್ತಕದ ವಿಷಯ. ಅದು ದವಾಖಾನೆಯ ಕಪಾಟಿನಲ್ಲಿ ಇರಬಾರದು, ರೋಗಿಯ ಮನೆಯಲ್ಲೇ ಇರಬೇಕು, ಅವರ ಭಾಷೆ ಯಾವುದು ಅಂತ ಮೊದಲ ಪುಟದಲ್ಲೇ ಬರೆದಿರಬೇಕು, ಮನೆಯವರೂ ಅದರಲ್ಲಿ ಬರೆಯಬಹುದು. ಇನ್ನೊಂದು, ಭೇಟಿಗೆ ಹೋದವರ ಮೇಲಧಿಕಾರಿ ಅಲ್ಲದ ಯಾರಾದರೊಬ್ಬರು ತಿಂಗಳಿಗೆ ಕೆಲವು ಮನೆಗೆ ಕೇಳಿಕೊಂಡು ಹೋಗಬೇಕು, ಹೋಗಿ ನಿನ್ನೆಯ ದಿನ ಕೇಳಬೇಕು. ಒಬ್ಬ ಸೇವಿಕೆಗೆ ದಿನಕ್ಕೆ ಎಷ್ಟು ಮನೆ ಎಂಬ ಮಿತಿಯನ್ನು ಸೇವಿಕೆಯರನ್ನೇ ಕೂರಿಸಿಕೊಂಡು ನಿರ್ಧರಿಸಬೇಕು, ನಡೆಯುವ ಹೊತ್ತನ್ನೂ ಸೇರಿಸಿ. ಈ ಕೊನೆಯದನ್ನು ಬಿಡೋಣ, ಇಲಾಖೆಯವರು ಒಪ್ಪುವುದಿಲ್ಲ ಅಂತ ಗುಂಪಿನಲ್ಲಿ ಒಬ್ಬರು ಹೇಳಿದರು. ನಾನು ಬಿಡಲಿಲ್ಲ. ಅದನ್ನೇ ಮೊದಲನೆಯದಾಗಿ ಬರೆದಿದ್ದೇವೆ.